ಹಚ್ಚದೆ ಬಿಟ್ಟ ದೀಪ

ಬೆಂಕಿ ನನ್ನ ಕಣ್ಣಿಗೆ ಕಾಣಲಿಲ್ಲ. ಮೊದಲು ಎಡಗೈ ಮಣಿಕಟ್ಟಿಗೆ ಬಿಸಿ ತಾಗಿತು. ಆಮೇಲೆ ಕೂದಲು ಸುಟ್ಟ ವಾಸನೆ ಬಂತು. ಆ ವಾಸನೆ ನನ್ನ ಕೈಯಿಂದಲೇ ಬರುತ್ತಿದೆ ಎಂದು ತಿಳಿಯಲು ಒಂದೆರಡು ಕ್ಷಣ ಹಿಡಿಯಿತು.

ಆಗ ನಾನು ಕೆಂಗೇರಿಯ ಆಚೆ, ಶೆಡ್ಡುಗಳ ಸಾಲಿನ ನಡುವೆ ಇದ್ದ ಒಂದು ಟಿಶ್ಯೂ ಕಲ್ಚರ್ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಗಿಡದ ಒಂದು ಚೂರನ್ನು ಗಾಜಿನ ಸೀಸೆಯಲ್ಲಿ ಬೆಳೆಸಿ, ಅದರಿಂದ ಸಸಿಗಳನ್ನು ಮಾಡಿ ನರ್ಸರಿಗಳಿಗೆ ಕಳಿಸುವುದು ನಮ್ಮ ಕೆಲಸ. ಹೆಚ್ಚಿನದು ಬಾಳೆ. ಮೂರು ಕಡೆ ಮುಚ್ಚಿದ, ಎದುರಿಗೆ ಮಾತ್ರ ತೆರೆದ ಒಂದು ದೊಡ್ಡ ಪೆಟ್ಟಿಗೆಯಂಥದರ ಮುಂದೆ ಕೂತು ಈ ಕೆಲಸ ಮಾಡಬೇಕು. ಅದನ್ನು ನಾವು ಹುಡ್ ಅನ್ನುತ್ತಿದ್ದೆವು. ಅದರ ಹಿಂಬದಿಯ ಫ್ಯಾನು ಸೋಸಿದ ಗಾಳಿಯನ್ನು ನಮ್ಮ ಎದೆಯ ಕಡೆಗೆ ಊದುತ್ತಲೇ ಇರುತ್ತದೆ, ಹೊರಗಿನ ಧೂಳು ಒಳಗೆ ಹೋಗದಿರಲಿ ಅಂತ. ಒಳಗೆ ಒಂದು ಸ್ಪಿರಿಟ್ ದೀಪ, ಪಕ್ಕದಲ್ಲಿ ಸ್ಪಿರಿಟ್ ತುಂಬಿದ ಗಾಜಿನ ಜಾರು. ಬ್ಲೇಡನ್ನೂ ಚಿಮಟದಂಥ ಫೋರ್ಸೆಪ್ಸನ್ನೂ ಜಾರಿನಲ್ಲಿ ಅದ್ದಿ, ದೀಪಕ್ಕೆ ಹಿಡಿದು ಸುಟ್ಟು, ಆರಿಸಿ, ಆಮೇಲೆ ಗಿಡವನ್ನು ಮುಟ್ಟಬೇಕು. ಒಂದೊಂದು ಸೀಸೆಗೂ ಹೀಗೆ. ದಿನಕ್ಕೆ ಎಷ್ಟು ಸಲ ಅಂತ ಲೆಕ್ಕ ಇಟ್ಟವರಿಲ್ಲ.

ಆ ದಿನ ನಾನು ಇನ್ನೂ ಉರಿಯುತ್ತಿದ್ದ ಫೋರ್ಸೆಪ್ಸನ್ನು ಆರಿದೆ ಅಂದುಕೊಂಡು ಜಾರಿಗೆ ಇಳಿಸಿಬಿಟ್ಟೆ. ಟ್ಯೂಬ್‌ಲೈಟಿನ ಕೆಳಗೆ ಸ್ಪಿರಿಟ್ಟಿನ ಉರಿ ಕಾಣುವುದಿಲ್ಲ. ಜಾರು ಹೊತ್ತಿಕೊಂಡಿತು. ಕೈ ಎಳೆದುಕೊಳ್ಳುವಾಗ ಜಾರು ಉರುಳಿತು. ಉರಿಯುವ ಸ್ಪಿರಿಟ್ಟನ್ನು ಹಿಂದಿನ ಫ್ಯಾನು ನೇರವಾಗಿ ನನ್ನ ಮೇಲೆ ತಳ್ಳಿತು. ನಾನು ಎದ್ದು ಓಡಲಿಲ್ಲ, ಕೂಗಲೂ ಇಲ್ಲ. ಏಪ್ರನ್ನಿನ ತೋಳು ಅಂಚಿನಿಂದ ಕಪ್ಪಗಾಗುತ್ತಾ ಮೇಲೇರುವುದನ್ನು ನೋಡುತ್ತಾ ಕೂತಿದ್ದೆ.

ಪಕ್ಕದ ಹುಡ್ಡಿನಲ್ಲಿದ್ದ ಅಕ್ಕ ನನ್ನ ಕುರ್ಚಿಯನ್ನೇ ಹಿಡಿದು ಹಿಂದಕ್ಕೆಳೆದರು. ಒದ್ದೆ ಟವೆಲನ್ನು ಕೈಗೆ ಸುತ್ತಿದರು, ಫ್ಯಾನು ಆಫ್ ಮಾಡಿದರು, ಇನ್ನೊಂದು ಟವೆಲನ್ನು ಜಾರಿನ ಮೇಲೆ ಹಾಕಿದರು. ಇಷ್ಟನ್ನೂ ಒಂದು ಮಾತಿಲ್ಲದೆ ಮಾಡಿ, ನನ್ನನ್ನು ಸಿಂಕಿಗೆ ಎಳೆದುಕೊಂಡು ಹೋದ ಮೇಲೆ ಬಾಯಿ ತೆರೆದರು.

"ನೀರಾಗ ಇಡು ಕೈ. ನಾ ಹೇಳೋತನಕ ತೆಗಿಬ್ಯಾಡ."

ಅಕ್ಕ ಅಂದರೆ ಒಡಹುಟ್ಟಿದ ಅಕ್ಕನಲ್ಲ. ಲ್ಯಾಬಿನಲ್ಲಿ ಎಲ್ಲರಿಗಿಂತ ಹಳಬರು, ಗದಗ ಕಡೆಯವರು, ಬಾಪೂಜಿ ನಗರದಲ್ಲಿ ಮನೆ. ಇಷ್ಟು ವರ್ಷ ಬೆಂಗಳೂರಿನಲ್ಲಿದ್ದರೂ ಮಾತು ಮಾತ್ರ ಬದಲಾಗಿರಲಿಲ್ಲ. ಸೀಸೆಗಳಲ್ಲಿ ಹಾಕುವ ಆಹಾರವನ್ನು, ಅಂದರೆ ನಾವು ಮೀಡಿಯಾ ಅನ್ನುವುದನ್ನು, ಕಲಸಿ, ಪ್ರೆಶರ್ ಕುಕ್ಕರಿನಂಥ ದೊಡ್ಡ ಆಟೋಕ್ಲೇವಿನಲ್ಲಿ ಬೇಯಿಸಿ ಶುದ್ಧ ಮಾಡಿ ಕೊಡುವುದು ಅವರ ಜವಾಬ್ದಾರಿ. ಹುಡ್ಡಿನಲ್ಲಿ ಕೈ ಕೆಲಸವನ್ನು ನನಗೆ ಕಲಿಸಿದವರೂ ಅವರೇ.

ಗಾಯ ದೊಡ್ಡದಾಗಿರಲಿಲ್ಲ. ಮಣಿಕಟ್ಟಿನ ಸುತ್ತ ಬೊಬ್ಬೆ ಎದ್ದು, ಒಡೆದು, ಹತ್ತು ದಿನದಲ್ಲಿ ಒಣಗಿತು. ಆದರೆ ನಾನು ಬೆಂಕಿಗೆ ಹೆದರತೊಡಗಿದ್ದೆ. ಮನೆಯಲ್ಲಿ ಗ್ಯಾಸ್ ಹಚ್ಚುವಾಗ ಲೈಟರಿನ ಟಿಕ್ ಸದ್ದು ಕೇಳಿದರೆ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದೆ. ಬೆಳಿಗ್ಗೆ ನನ್ನ ಗಂಡನಿಂದ ಒಲೆ ಹಚ್ಚಿಸಿ, ಸಣ್ಣಗೆ ಉರಿಸಿಟ್ಟುಕೊಂಡು, ತಿಂಡಿಯಿಂದ ಡಬ್ಬಿಯವರೆಗೆ ಎಲ್ಲವನ್ನೂ ಆರಿಸದೆ ಮುಗಿಸುತ್ತಿದ್ದೆ. ದೇವಸ್ಥಾನದಲ್ಲಿ ಮಂಗಳಾರತಿ ತಟ್ಟೆ ಹತ್ತಿರ ಬಂದಾಗ ಹಿಂದೆ ಸರಿದು, ಹಿಂದಿದ್ದವರ ಕಾಲು ತುಳಿದೆ. ಗಂಡ ನೋಡಿದ.

"ಇನ್ನೂ ಭಯ ಇದೆಯೇನೇ? ಲ್ಯಾಬಲ್ಲಿ ಹೇಗ್ ಮಾಡ್ತೀಯ ಮತ್ತೆ?"

"ಅಲ್ಲೇನೂ ಆಗಲ್ಲ. ಅಭ್ಯಾಸ ಆಗಿದೆ," ಅಂದೆ.

ನಿಜವೆಂದರೆ, ಕೆಲಸಕ್ಕೆ ಮರಳಿದ ದಿನದಿಂದ ನಾನು ದೀಪ ಹಚ್ಚಿಯೇ ಇರಲಿಲ್ಲ. ಫೋರ್ಸೆಪ್ಸನ್ನು ಸ್ಪಿರಿಟ್ಟಿನಲ್ಲಿ ಅದ್ದುತ್ತಿದ್ದೆ, ದೀಪದ ಬತ್ತಿಯ ಮೇಲೆ ಸುಮ್ಮನೆ ಆಡಿಸುತ್ತಿದ್ದೆ, ಗಾಳಿಗೆ ಒಣಗಿಸಿ ಉಪಯೋಗಿಸುತ್ತಿದ್ದೆ. ಉರಿ ಹೇಗೂ ಕಣ್ಣಿಗೆ ಕಾಣುವಂಥದ್ದಲ್ಲ. ನನ್ನ ಬೆನ್ನ ಹಿಂದೆ ನಿಂತವರಿಗೆ ಅದು ಉರಿಯುತ್ತಿದೆಯೋ ಇಲ್ಲವೋ ಗೊತ್ತಾಗುವಂತಿರಲಿಲ್ಲ. ಮೊದಲ ದಿನ ಹಾಗೆ ಮಾಡುವಾಗ, ಇವತ್ತೊಂದು ದಿನ, ನಾಳೆ ಹಚ್ಚುತ್ತೇನೆ ಅಂದುಕೊಂಡೆ. ಎರಡನೇ ದಿನವೂ ಅದನ್ನೇ ಅಂದುಕೊಂಡೆ. ಬಾಳೆಯ ಸೀಸೆಗಳು ಅದೃಷ್ಟಕ್ಕೆ ಚೆನ್ನಾಗಿಯೇ ಇದ್ದವು. ಅಲ್ಲೊಂದು ಇಲ್ಲೊಂದು ಕೆಟ್ಟರೆ ಯಾರೂ ಕೇಳುವುದಿಲ್ಲ.

ಆ ಹೊತ್ತಿಗೇ ಲ್ಯಾಬಿನ ಮುಖ್ಯಸ್ಥರಾದ ಮೇಡಂ ತೆಂಗನ್ನು ಕೈಗೆತ್ತಿಕೊಂಡರು.

ತೆಂಗು ಬಾಳೆಯ ಹಾಗಲ್ಲ. ಬಾಳೆ ಕೊಟ್ಟ ಜಾಗದಲ್ಲಿ ಬೆಳೆಯುತ್ತದೆ. ತೆಂಗು ತಿಂಗಳುಗಟ್ಟಲೆ ಕಾಯಿಸಿ, ಕೊನೆಗೆ ಯಾವ ಕಾರಣವನ್ನೂ ತೋರಿಸದೆ ಕಂದುಬಣ್ಣಕ್ಕೆ ತಿರುಗಿ ಸಾಯುತ್ತದೆ. ತೆಂಗಿನಕಾಯಿಯ ಮೂರು ಕಣ್ಣುಗಳಲ್ಲಿ ಒಂದು ಮೆತ್ತಗಿರುತ್ತದಲ್ಲ, ಅದರ ಹಿಂದೆ, ಕಾಯಿಯೊಳಗೆ ಹುದುಗಿ, ಅದರ ಭ್ರೂಣ ಇರುತ್ತದೆ. ಮನೆಯಲ್ಲಿ ಕಾಯಿ ತುರಿಯುವಾಗ ಎಷ್ಟೋ ಸಲ ಅದನ್ನೂ ಸೇರಿಸಿ ತುರಿದಿರುತ್ತೇವೆ. ಕಡಲೆಬೀಜಕ್ಕಿಂತ ಚಿಕ್ಕದು, ಮಗುವಿನ ಹಾಲುಹಲ್ಲಿನಂತೆ ಬೆಳ್ಳಗೆ. ಕಾಯಿ ಒಡೆದು, ಆ ಜಾಗದ ತಿರುಳನ್ನು ಬಿಲ್ಲೆಯಂತೆ ಕೊರೆದು ತೆಗೆದು, ಔಷಧದ ನೀರಿನಲ್ಲಿ ತೊಳೆದು, ಹುಡ್ಡಿನೊಳಗೆ ತಿರುಳನ್ನು ಬಿಡಿಸಿ, ಭ್ರೂಣಕ್ಕೆ ಒಂದು ಗೀರೂ ಬೀಳದಂತೆ ಹೊರತೆಗೆಯಬೇಕು. ಮತ್ತೆ ತೊಳೆದು, ಇದ್ದಿಲು ಬೆರೆಸಿದ ಕಪ್ಪು ಮೀಡಿಯಾ ಇರುವ ಟ್ಯೂಬಿನಲ್ಲಿ ಒಂದೊಂದಾಗಿ ಕೂರಿಸಿ, ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಇಡಬೇಕು.

ಮೇಡಂ ಹುಡ್ಡಿನ ಹೊರಗೆ, ಮೇಜಿನ ಮೇಲೆ, ಬರೀ ಅಭ್ಯಾಸಕ್ಕೆ ಎರಡು ಸಲ ಮಾಡಿ ತೋರಿಸಿದರು, ಎರಡಕ್ಕೂ ಗೀರು ಬಿತ್ತು. ಮೂರನೆಯದನ್ನು ನಾನು ತೆಗೆದೆ. ಅದು ಬ್ಲೇಡಿನ ತುದಿಯಲ್ಲಿ ಇಡಿಯಾಗಿ ಬಂದು ಕೂತಿತು.

"ನೋಡಿ, ಇವರ ಕೈ ನೋಡಿ!" ಎಂದು ಮೇಡಂ ಎಲ್ಲರನ್ನೂ ಕರೆದರು. "ತೆಂಗು ಇನ್ಮೇಲೆ ನೀವೇ ಮಾಡ್ಬೇಕು. ನಂಗೆ ಈ ಕೈ ಬೇಕು."

ನನಗೆ ಆ ಮಾತಿನಿಂದ ಖುಷಿಯಾಗಬೇಕಿತ್ತು. ನೆನಪಾದದ್ದು ಹಚ್ಚದೆ ಬಿಟ್ಟ ದೀಪ.

ಅರವತ್ತು ಕಾಯಿಯ ಭ್ರೂಣಗಳನ್ನು ಮೂರು ದಿನ ಕೂತು ಟ್ಯೂಬುಗಳಿಗೆ ಇಳಿಸಿದೆ. ಒಂದಕ್ಕೂ ದೀಪ ಹಚ್ಚಲಿಲ್ಲ. ಸ್ಪಿರಿಟ್ ಒಂದರಿಂದಲೇ ಎಲ್ಲ ಕ್ರಿಮಿಯೂ ಸಾಯುವುದಿಲ್ಲ ಎಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಎರಡನೇ ದಿನ ಒಮ್ಮೆ ಬೆಂಕಿಪೊಟ್ಟಣ ಕೈಗೆತ್ತಿಕೊಂಡೆ. ಗೀರುವ ಮೊದಲೇ ಕಡ್ಡಿ ಕೈಯಿಂದ ಜಾರಿ ಕೆಳಗೆ ಬಿತ್ತು. ಅದನ್ನು ಕಾಲಿನಿಂದ ಮೇಜಿನಡಿಗೆ ತಳ್ಳಿ ಕೆಲಸ ಮುಂದುವರಿಸಿದೆ.

ಮುಂದಿನ ಮಂಗಳವಾರ ಬೆಳಿಗ್ಗೆ ಕತ್ತಲೆ ಕೋಣೆಯ ಬಾಗಿಲು ತೆಗೆದು ಟಾರ್ಚ್ ಬಿಟ್ಟೆ. ಮೊದಲ ಟ್ಯೂಬಿನಲ್ಲಿ, ಕಪ್ಪು ಮೀಡಿಯಾದ ಮೇಲೆ, ಭ್ರೂಣದ ಸುತ್ತ, ಹಾಲಿನ ಕೆನೆಯಂಥ ಒಂದು ಉಂಗುರ. ಎರಡನೆಯದರಲ್ಲೂ ಅದೇ. ನಾನು ಸ್ಟ್ಯಾಂಡುಗಳನ್ನು ಒಂದೊಂದಾಗಿ ಎಳೆದು ನೋಡಿದೆ. ಕೆಲವದರಲ್ಲಿ ಉಂಗುರ ಹರಡಿ ಭ್ರೂಣವನ್ನೇ ಮುಚ್ಚಿತ್ತು. ಹುಳಿ ವಾಸನೆ ಬರುತ್ತಿದೆ ಅನ್ನಿಸಿತು, ಮುಚ್ಚಿದ ಟ್ಯೂಬಿನಿಂದ ವಾಸನೆ ಬರುವುದಿಲ್ಲ ಅಂತಲೂ ಗೊತ್ತಿತ್ತು. ಚೊಕ್ಕವಾಗಿದ್ದ ಟ್ಯೂಬುಗಳು ಐದೋ ಆರೋ.

ಮೇಡಂ ಬಂದು ನೋಡಿದರು, ಹಿಂದೆಯೇ ಅಕ್ಕ, ಉಳಿದವರೂ ಬಂದರು. ಮೇಡಂ ಕೂಗಾಡುವವರಲ್ಲ. ಟ್ಯೂಬನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ತಿರುಗಿಸಿದರು.

"ಎಲ್ಲದರಲ್ಲೂ ಒಂದೇ ಥರ ಬಂದಿದೆ ಅಂದ್ರೆ ಮೀಡಿಯಾನೇ ಸರಿಯಾಗಿ ಬೆಂದಿಲ್ಲ," ಅಂದರು. ಆಮೇಲೆ ಅಕ್ಕನ ಕಡೆ ತಿರುಗಿದರು. "ಆಟೋಕ್ಲೇವ್ ಪ್ರೆಶರ್ ನೋಡಿದ್ರಾ ನೀವು? ಪೂರ್ತಿ ಟೈಮ್ ಇಟ್ಟಿದ್ರಾ?"

"ಇಟ್ಟೇನ್ರಿ ಮೇಡಂ. ಬರದೀನಿ ನೋಡ್ರಿ ಬುಕ್ಕಿನಾಗ."

"ಬರೆದಿದ್ದೀರ, ಸರಿ. ನೀರು ಅಳತೆ, ಕೈ ತೊಳೆಯೋದು, ಎಲ್ಲಾದ್ರೂ ಏನಾದ್ರೂ ತಪ್ಪಿದೆಯಾ ಯೋಚನೆ ಮಾಡಿ. ಹಳಬರು ನೀವು. ನಿಮ್ಮ ಕಡೆಯಿಂದ ಹೀಗಾದ್ರೆ ನಾನು ಯಾರಿಗೆ ಹೇಳ್ಲಿ?"

ಅಕ್ಕ ತಮ್ಮ ಕೈಗಳನ್ನು ನೋಡಿಕೊಂಡರು. ನಾನು ಅವರಿಂದ ಎರಡು ಅಡಿ ದೂರದಲ್ಲಿ, ಸ್ಟ್ಯಾಂಡ್ ಹಿಡಿದುಕೊಂಡು ನಿಂತಿದ್ದೆ. ಆ ಕ್ಷಣ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹೆದರಿಕೆಗೆ ಆಗಲೇ ಇನ್ನೊಂದು ಹೆದರಿಕೆ ಸೇರಿಕೊಂಡಿತ್ತು. ಅರವತ್ತು ಭ್ರೂಣಗಳ ಹೆದರಿಕೆ, ಮೂರು ವಾರ ಬತ್ತಿಯ ಮೇಲೆ ಫೋರ್ಸೆಪ್ಸ್ ಆಡಿಸುತ್ತಾ ನಾಟಕ ಮಾಡಿದ್ದು ಗೊತ್ತಾದರೆ ಏನು ಅನ್ನುವ ಹೆದರಿಕೆ. ನನಗಿಂತ ಮುಂಚೆ ಹುಡ್ಡಿನಲ್ಲಿದ್ದ ಒಬ್ಬಳನ್ನು ಇದಕ್ಕಿಂತ ಚಿಕ್ಕ ತಪ್ಪಿಗೆ ಪ್ಯಾಕಿಂಗಿಗೆ ಕಳಿಸಿದ್ದರು. ನಾನು ಸುಮ್ಮನಿದ್ದೆ. ಕೆಟ್ಟ ಟ್ಯೂಬುಗಳನ್ನೆಲ್ಲ ಅಕ್ಕ ತಾವೇ ಆಟೋಕ್ಲೇವಿಗೆ ಹಾಕಿ ಬೇಯಿಸಿ, ತೊಳೆದಿಟ್ಟರು. ನಾನು ಸಹಾಯಕ್ಕೆ ಹೋದಾಗ, "ಇರಲಿ ಬಿಡವಾ, ನನ್ನ ತಪ್ಪು ನಾ ತೊಳಿತೀನಿ," ಅಂದರು.

ಅವತ್ತಿನಿಂದ ಅಕ್ಕ ಮತ್ತೆ ಮತ್ತೆ ಕೈ ತೊಳೆಯಲು ಶುರು ಮಾಡಿದರು. ಮೀಡಿಯಾ ತೂಗುವ ಮೊದಲು, ತೂಗಿದ ಮೇಲೆ, ಸೀಸೆ ಮುಟ್ಟುವ ಮೊದಲು, ಮುಟ್ಟಿದ ಮೇಲೆ. ಆಟೋಕ್ಲೇವ್ ಓಡುವಷ್ಟು ಹೊತ್ತೂ ಅದರ ಮುಂದೆ ಸ್ಟೂಲ್ ಹಾಕಿಕೊಂಡು ಪ್ರೆಶರ್ ಮುಳ್ಳನ್ನು ನೋಡುತ್ತಾ ಕೂರುತ್ತಿದ್ದರು, ಊಟಕ್ಕೂ ಏಳುತ್ತಿರಲಿಲ್ಲ. ನಾವಿಬ್ಬರೂ ದಿನಾ ಕೂತು ಉಣ್ಣುತ್ತಿದ್ದ ಹೊಂಗೆ ಮರದ ಕೆಳಗೆ ನಾನು ಒಬ್ಬಳೇ ಡಬ್ಬಿ ಬಿಚ್ಚಿ, ಎರಡು ತುತ್ತು ತಿಂದು, ಮುಚ್ಚಿಡುತ್ತಿದ್ದೆ.

ಶುಕ್ರವಾರ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಓನರ್ ಆಂಟಿ ಮೆಟ್ಟಿಲ ಹತ್ತಿರ ನಿಲ್ಲಿಸಿದರು. ಮೂಡಲಪಾಳ್ಯದಲ್ಲಿ ನಾವು ಅವರ ಮನೆಯ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದೆವು. ಕಾಂಪೌಂಡಿನ ಮೂಲೆಯಲ್ಲಿ ಒಂದು ಹಳೆಯ ತೆಂಗಿನ ಮರ ಇತ್ತು. ಆಂಟಿಯ ಮುಖ ಬಿಳಿಚಿಕೊಂಡಿತ್ತು, ಕೈಯಲ್ಲಿ ತಟ್ಟೆ.

"ನೋಡಮ್ಮ ಇದನ್ನ. ದೇವರ ಮುಂದೆ ಒಡೆದೆ, ಹಿಂಗೆ ಬಂತು."

ತಟ್ಟೆಯಲ್ಲಿ ಕಾಯಿಯ ಎರಡು ಹೋಳು. ಒಳಗೆ ನೀರೂ ಇಲ್ಲ, ಗಟ್ಟಿ ತಿರುಳೂ ಇಲ್ಲ. ಚಿಪ್ಪಿನ ತುಂಬ ಗಡ್ಡೆ ಮೊಸರಿನಂಥ ಬಿಳಿ ಲೋಳೆ.

"ಈ ಮರದ್ದೇ. ಮುಂಚೇನೂ ಒಂದೆರಡು ಹಿಂಗೆ ಬಂದಿತ್ತು, ಕೆಟ್ಟಿರಬೇಕು ಅಂತ ಬಿಸಾಕಿದ್ದೆ. ಪೂಜೆಗೆ ಒಡೆದಾಗ್ಲೇ ಬಂದಿದ್ದು ಇದೇ ಮೊದಲು. ಮನೆಗೆ ಏನು ಕಾದಿದೆಯೋ. ಕಾರ್ ಮೇಲೆ ಬೇರೆ ಕಾಯಿ ಬೀಳ್ತಾ ಇರತ್ತೆ. ಭಾನುವಾರ ಕಡಿಸೇಬಿಡ್ತೀನಿ."

ನನಗೆ ನೋಡಿದ ಕೂಡಲೇ ಗೊತ್ತಾಯಿತು. ಮೇಡಂ ಇಂಥ ಕಾಯಿಯ ಬಗ್ಗೆ ಪಾಠ ಮಾಡಿದ್ದರು. ಅಪರೂಪಕ್ಕೆ ಕೆಲವು ಮರಗಳಲ್ಲಿ, ಒಳ್ಳೆಯ ಕಾಯಿಗಳ ನಡುವೆ, ಹೀಗೆ ಲೋಳೆ ತುಂಬಿದ ಕಾಯಿ ಬಿಡುತ್ತದೆ. ಕೆಲವು ದೇಶಗಳಲ್ಲಿ ಇದನ್ನು ಹುಡುಕಿಕೊಂಡು ಹೋಗಿ ತಿನ್ನುತ್ತಾರೆ. ಆದರೆ ಆ ಕಾಯಿ ನೆಟ್ಟರೆ ಮೊಳೆಯುವುದಿಲ್ಲ. ಒಳಗಿನ ಭ್ರೂಣ ಚೆನ್ನಾಗಿಯೇ ಇರುತ್ತದೆ, ಸುತ್ತಲಿನ ಲೋಳೆ ಅದನ್ನು ಸಾಕುವುದಿಲ್ಲ. ಭ್ರೂಣವನ್ನು ಹೊರತೆಗೆದು ಟ್ಯೂಬಿನಲ್ಲಿ ಬೆಳೆಸಿದರೆ ಮಾತ್ರ ಗಿಡವಾಗುತ್ತದೆ.

"ಇದು ಕೇಡಲ್ಲ ಆಂಟಿ, ಒಂದು ಜಾತಿ ಕಾಯಿ ಅಷ್ಟೆ," ಅಂದೆ. ಅವರು ನಂಬಿದಂತೆ ಕಾಣಲಿಲ್ಲ.

ನಾಯಂಡಹಳ್ಳಿಯಲ್ಲಿ ಮೆಟ್ರೋ ಹತ್ತಿದ ಮೇಲೆ ದಾರಿಯುದ್ದಕ್ಕೂ ಒಂದೇ ಯೋಚನೆ. ಮೇಡಂಗೆ ಹೇಳಿದರೆ ಆ ಭ್ರೂಣಗಳನ್ನು ತೆಗೆಯುವ ಕೆಲಸ ನನ್ನ ಪಾಲಿಗೇ ಬರುತ್ತದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಭಾನುವಾರ ಮರ ಉರುಳುತ್ತದೆ, ಮುಗಿಯಿತು. ಶುಕ್ರವಾರ ಇಡೀ ದಿನ ನಾನು ಹೇಳಲಿಲ್ಲ. ಸಂಜೆ ಮನೆಗೆ ಬಂದಾಗ ನನ್ನ ಗಂಡ ಆಂಟಿಯ ಹತ್ತಿರ ಎಲ್ಲ ಕೇಳಿಕೊಂಡಿದ್ದ. ಒಂದು ಹೋಳನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟಿದ್ದ.

"ನಿಮ್ಮ ಮೇಡಂಗೆ ತೋರ್ಸು. ನೀನು ಹೇಳ್ತಿದ್ದ ಕಾಯಿ ಇದೇ ಅಲ್ವಾ?"

ಇಲ್ಲ ಅನ್ನಲು ಆಗಲಿಲ್ಲ.

ಶನಿವಾರ ಆ ಡಬ್ಬಿ ತೆರೆದಾಗ ಮೇಡಂ ಎದ್ದು ನಿಂತರು. ಮಧ್ಯಾಹ್ನವೇ ಆಂಟಿಗೆ ಫೋನ್ ಮಾಡಿ, ಮರ ಕಡಿಯಬೇಡಿ ಎಂದು ಕೇಳಿಕೊಂಡರು. ಆಂಟಿ ಒಪ್ಪಲಿಲ್ಲ. ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿಯಾಗಿತ್ತು, ಕಾರಿನ ಮೇಲೆ ಕಾಯಿ ಬೀಳುತ್ತದೆಂದು ಮೊದಲೇ ಕೇಳಿದ್ದ ಅನುಮತಿಯೂ ಸಿಕ್ಕಿತ್ತು. ಕಾಯಿ ಬೇಕಾದರೆ ತೆಗೆದುಕೊಂಡು ಹೋಗಿ ಅಂದರು, ಅಷ್ಟೆ.

ಭಾನುವಾರ ಬೀದಿಯ ಕಾರುಗಳನ್ನೆಲ್ಲ ಆಚೆ ನಿಲ್ಲಿಸಿದರು. ಮರ ಹತ್ತುವವನು ಗೊನೆಗಳನ್ನು ಹಗ್ಗ ಕಟ್ಟಿ ಇಳಿಸಿದ. ಮೇಡಂ ಮತ್ತು ನಾನು ಕಾಂಪೌಂಡಿನಲ್ಲಿ ಕೂತು, ಬಲಿತ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆವು. ನೀರು ಕುಲುಕಿದರೆ ಆ ಕಡೆ. ಸದ್ದಿಲ್ಲದಿದ್ದರೆ ಈ ಕಡೆ. ಸದ್ದಿಲ್ಲದವು ಏಳು. ನಾವಿನ್ನೂ ಅಲ್ಲಿರುವಾಗಲೇ ಮರಕ್ಕೆ ಯಂತ್ರದ ಗರಗಸ ಹಚ್ಚಿದರು. ತುಂಡು ತುಂಡಾಗಿ ಕೆಳಗೆ ಬಿದ್ದಾಗಲೆಲ್ಲ ನೆಲ ಅದುರುತ್ತಿತ್ತು.

"ಇನ್ನು ಇದಿಷ್ಟೇ," ಎಂದು ಮೇಡಂ ಏಳು ಕಾಯಿಯ ಚೀಲವನ್ನು ನನ್ನ ಕೈಗೆ ಕೊಟ್ಟರು. "ಈ ಕಾಯಿ ಬೇಗ ಕೆಡತ್ತೆ. ನಾಳೆ ಬೆಳಿಗ್ಗೆ ಮಾಡಿಬಿಡೋಣ. ನೀವಿದ್ದೀರಲ್ಲ, ನಂಗೆ ಧೈರ್ಯ."

 ಚೀಲವನ್ನು ಮಹಡಿಗೆ ಒಯ್ದು, ಕಣ್ಣಿಗೆ ಬೀಳದಂತೆ ಮಂಚದಡಿ ಇಟ್ಟೆ.

ಸೋಮವಾರ ಮೆಟ್ರೋದಲ್ಲಿ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ದಾರಿಯಲ್ಲಿ ಮನಸ್ಸಿನಲ್ಲೇ ದೀಪ ಹಚ್ಚಿ ನೋಡಿದೆ. ಕಡ್ಡಿ ಗೀರುತ್ತೇನೆ, ಬತ್ತಿಗೆ ಹಿಡಿಯುತ್ತೇನೆ, ಅಷ್ಟರಲ್ಲಿ ಏಪ್ರನ್ನಿನ ತೋಳು ಕಪ್ಪಾಗುತ್ತದೆ. ಮತ್ತೆ ಮೊದಲಿನಿಂದ. ಕೆಂಗೇರಿಯಲ್ಲಿ ಇಳಿಯುವವರೆಗೂ ಒಮ್ಮೆಯೂ ದೀಪ ಹೊತ್ತಲಿಲ್ಲ. ದೀಪ ಹಚ್ಚಿದರೆ ನನ್ನ ಕೈ ನಡುಗಿ ಭ್ರೂಣ ಸೀಳುತ್ತದೆ. ಹಚ್ಚದಿದ್ದರೆ ಏಳೂ ಕೊಳೆಯುತ್ತವೆ. ಮೂರನೇ ದಾರಿ ಒಂದಿತ್ತು. ಅದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಹೆದರಿದ್ದೆ.

ಒಳಗೆ ಹೋದಾಗ ಅಕ್ಕ ಸಿಂಕಿನ ಮುಂದೆ ನಿಂತಿದ್ದರು. ಸೀಸೆ ತೊಳೆಯುವ ಬ್ರಷ್ಷಿನಿಂದ ಕೈ ಉಜ್ಜಿಕೊಳ್ಳುತ್ತಿದ್ದರು. ಬೆರಳಿನ ಗೆಣ್ಣುಗಳಲ್ಲಿ ಚರ್ಮ ಬಿರುಕು ಬಿಟ್ಟು, ಎರಡು ಕಡೆ ರಕ್ತ ಜಿನುಗುತ್ತಿತ್ತು. ನನ್ನನ್ನು ನೋಡಿ ನಕ್ಕರು.

"ಮೀಡಿಯಾ ಬ್ಯಾರೆ ಮಾಡೀನಿ, ಹೊಸಾದು. ಮೂರು ಸಲ ನೋಡೀನಿ. ಈ ಸಲ ನಿನಗ ನನ್ನ ಕಡಿಂದ ತ್ರಾಸ ಆಗಂಗಿಲ್ಲ."

ಅಲ್ಲಿಂದ ಮೇಡಂ ಕೋಣೆಗೆ ಹೇಗೆ ಹೋದೆ ಎಂದು ನೆನಪಿಲ್ಲ. ಚೀಲ ಇನ್ನೂ ಕೈಯಲ್ಲೇ ಇತ್ತು.

"ಮೇಡಂ, ಅಕ್ಕನ್ನೂ ಕರೀರಿ. ಒಂದ್ ವಿಷ್ಯ ಹೇಳ್ಬೇಕು."

ಅಕ್ಕ ಕೈ ಒರೆಸಿಕೊಳ್ಳುತ್ತಾ ಬಂದರು. ನಾನು ನೆಲ ನೋಡುತ್ತಾ ಹೇಳಿದೆ. ಬೆಂಕಿ ಆದ ಮೇಲೆ ದೀಪವನ್ನೇ ಹಚ್ಚಿಲ್ಲ. ಒಂದು ಸಲವೂ ಇಲ್ಲ. ತೆಂಗಿನ ಟ್ಯೂಬುಗಳು ಕೆಟ್ಟಿದ್ದು ಮೀಡಿಯಾದಿಂದ ಅಲ್ಲ, ನನ್ನಿಂದ. ದೀಪದಲ್ಲಿ ಸ್ಪಿರಿಟ್ ಎಷ್ಟು ತುಂಬಿಸಿದ್ದೆನೋ ಇವತ್ತಿಗೂ ಅಷ್ಟೇ ಇದೆ, ಬೇಕಾದರೆ ನೋಡಿ.

ಮೇಡಂ ನೋಡಲು ಹೋಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಬೆಂಕಿ ಇಲ್ದೇನೂ ಮಾಡಬಹುದು, ಗೊತ್ತಾ? ಕಾದ ಗಾಜಿನ ಮಣಿಗಳಲ್ಲಿ ಚುಚ್ಚಿ ಶುದ್ಧ ಮಾಡೋ ಮಷೀನ್ ಸ್ಟೋರಲ್ಲಿದೆ. ಕೆಟ್ಟಿದೆ. ಒಂದು ಮಾತು ಹೇಳಿದ್ರೆ ಆವತ್ತೇ ರಿಪೇರಿ ಮಾಡಿಸ್ತಿದ್ದೆ," ಅಂದರು. ಆಮೇಲೆ, "ಇವರನ್ನ ನಾನು ಎಲ್ಲರೆದುರಿಗೆ ಕೇಳ್ದೆ. ನೀವು ಅಲ್ಲೇ ಇದ್ರಿ."

ಅಕ್ಕ ಇನ್ನೂ ಕೈ ಒರೆಸಿಕೊಳ್ಳುತ್ತಲೇ ಇದ್ದರು. ಬೈಯುತ್ತಾರೆ, ಅಳುತ್ತಾರೆ, ಹೊರಟು ಹೋಗುತ್ತಾರೆ, ಏನೇ ಆದರೂ ಸರಿ ಅಂದುಕೊಂಡಿದ್ದೆ. ಅವರು ಮೆಲ್ಲಗೆ ಮಾತಾಡಿದರು.

"ಆರು ದಿನ ನಾ ನನ್ನ ಕೈನ ನಂಬಲಿಲ್ಲ. ಮನ್ಯಾಗ ಹಿಟ್ಟು ನಾದಾಕೂ ಅಂಜಿಕಿ ಬಂತು. ವಯಸ್ಸಾತು, ಏನೋ ಮರಿಯಾಕ್ಹತ್ತೀನಿ ಅಂತ ತಿಳಕೊಂಡೆ."

"ತಪ್ಪಾಯ್ತು ಅಕ್ಕ."

"ಬೆಂಕಿಗೆ ಹೆದರಿದಿ, ಅದು ತಪ್ಪಲ್ಲ. ಯಾರಾದ್ರೂ ಹೆದರತಾರ. ನಾ ಬೈಸಿಕೊಳ್ಳೋದನ್ನ ನೋಡಿಕೋತ ನಿಂತಿ ನೋಡು, ಅದು ತಪ್ಪು."

  ಮೇಡಂ ಗಡಿಯಾರ ನೋಡಿದರು, ಆಮೇಲೆ ಚೀಲವನ್ನು ನೋಡಿದರು.

"ಉಳಿದಿದ್ದು ಆಮೇಲೆ ಮಾತಾಡೋಣ. ಇದು ಕಾಯಲ್ಲ. ನನ್ನ ಕಣ್ಣಿಗೆ ಇಷ್ಟು ಸಣ್ಣದು ಈಗ ಸರಿಯಾಗಿ ಕಾಣಲ್ಲ. ಯಾರು ಮಾಡ್ತೀರಿ?"

 ಅಕ್ಕ ನನ್ನ ಕೈಯಿಂದ ಚೀಲ ತೆಗೆದುಕೊಂಡರು.

"ದೀಪ ನಾ ಹಚ್ಚತೀನಿ. ಸುಡೋದು ನಾ ಸುಡತೀನಿ. ಕೊಯ್ಯೋದು ಆಕಿ ಕೊಯ್ಲಿ."

ಹಾಗೆಯೇ ಮಾಡಿದೆವು. ಕಾಯಿಗಳನ್ನು ಹೊರಗೆ ಒಡೆದು, ಭ್ರೂಣ ಇರುವ ಭಾಗವನ್ನು ಲೋಳೆಯ ಸಮೇತ ತೆಗೆದು, ತೊಳೆದು, ಹುಡ್ಡಿನೊಳಗೆ ಇಟ್ಟುಕೊಂಡೆವು. ಒಂದೇ ಹುಡ್ಡಿನ ಮುಂದೆ ಎರಡು ಕುರ್ಚಿ. ಬಲಗಡೆ ಅಕ್ಕ, ದೀಪದ ಜೊತೆ. ಎಡಗಡೆ ನಾನು. ಅಕ್ಕ ಕಡ್ಡಿ ಗೀರಿದಾಗ ನಾನು ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಸ್ಪಿರಿಟ್ ಜಾರನ್ನು ಅವರು ತಮ್ಮ ಬಲಕ್ಕೆ, ನನ್ನಿಂದ ಎಷ್ಟು ದೂರ ಆಗುತ್ತದೋ ಅಷ್ಟು ದೂರ ಇಟ್ಟಿದ್ದರು. ಒದ್ದೆ ಟವೆಲನ್ನು ತೊಡೆಯ ಮೇಲೆ ಹರಡಿಕೊಂಡಿದ್ದರು. ನನಗಾಗಿ ಅಂತ ಅವರು ಹೇಳಲಿಲ್ಲ.

ಬ್ಲೇಡ್ ಉರಿದು ಆರಿದ ಮೇಲೆ ಹಿಡಿ ನನ್ನ ಕಡೆ ತಿರುಗಿಸಿ ಕೊಡುತ್ತಿದ್ದರು. "ತಗೋ." ನಾನು ತೆಗೆದುಕೊಳ್ಳುತ್ತಿದ್ದೆ. ಅದರ ಬಿಸಿ ಬೆರಳಿಗೆ ತಾಗಿದಾಗಲೆಲ್ಲ ಬಿಟ್ಟುಬಿಡಬೇಕು ಅನ್ನಿಸುತ್ತಿತ್ತು. ಬಿಡಲಿಲ್ಲ. ಆ ಲೋಳೆ ಸಾಮಾನ್ಯ ಕಾಯಿಯ ಹಾಗೆ ಬ್ಲೇಡಿಗೆ ನಿಲ್ಲುವುದಿಲ್ಲ, ಜಾರುತ್ತದೆ. ಒಳಗೆ ಭ್ರೂಣ ಎಲ್ಲಿದೆ ಎಂದು ಬ್ಲೇಡಿನ ತುದಿಯಿಂದ ತಡವಿ ತಿಳಿಯಬೇಕು. ಮೊದಲನೆಯದು ಬಂತು. ಎರಡನೆಯದನ್ನು ತೆಗೆಯುವಾಗ ಬ್ಲೇಡು ಜಾರಿ, ಭ್ರೂಣದ ಒಂದು ಮಗ್ಗುಲಲ್ಲಿ ಗೀರು ಬಿತ್ತು. ಅಕ್ಕನಿಗೂ ಕಂಡಿತು. ಅವರು ಮುಂದಿನ ಬ್ಲೇಡು ಸುಟ್ಟರು. "ತಗೋ." ಎರಡು ಗಂಟೆಗೂ ಹೆಚ್ಚು ಹೊತ್ತು ಕೂತೆವು. ಆ ಒಂದು ಪದ ಬಿಟ್ಟರೆ ಅವರು ನನ್ನೊಂದಿಗೆ ಬೇರೇನೂ ಮಾತಾಡಲಿಲ್ಲ. ಏಳನೆಯ ಟ್ಯೂಬಿನ ಬಾಯಿ ಮುಚ್ಚಿದಾಗ ದೀಪದ ಮೇಲೆ ಮುಚ್ಚಳ ಇಟ್ಟು ಆರಿಸಿ, ಎದ್ದು ಹೋದರು.

ಆಮೇಲಿನ ದಿನಗಳ ಹೆದರಿಕೆ ಬೇರೆ ಥರದ್ದು. ಪ್ರತಿ ಬೆಳಿಗ್ಗೆ ಕತ್ತಲೆ ಕೋಣೆಯ ಬಾಗಿಲ ಮುಂದೆ ನಿಂತು, ಏಳರವರೆಗೆ ಎಣಿಸಿ ಕೀಲಿ ತಿರುಗಿಸುತ್ತಿದ್ದೆ. ನಾಲ್ಕನೇ ದಿನ ಒಂದು ಟ್ಯೂಬಿನಲ್ಲಿ ಬಿಳಿ ಉಂಗುರ ಕಂಡಿತು, ಗೀರು ಬಿದ್ದಿತ್ತಲ್ಲ, ಅದರಲ್ಲೇ. ಅದನ್ನು ತೆಗೆದುಕೊಂಡು ಹೋಗಿ ನಾನೇ ಮೇಡಂ ಮೇಜಿನ ಮೇಲಿಟ್ಟೆ. ಉಳಿದವು ವಾರಗಟ್ಟಲೆ ಏನೂ ಆಗದೆ ಸುಮ್ಮನಿದ್ದವು. ಆಮೇಲೆ ಮೂರು ಕಂದಾದವು. ಒಂದು ಊದಿಕೊಂಡು, ಅಷ್ಟಕ್ಕೇ ನಿಂತುಹೋಯಿತು. ಎರಡರಲ್ಲಿ ಮಾತ್ರ ತುದಿಯಿಂದ, ಅಕ್ಕಿ ಕಾಳಿನಷ್ಟು, ಮೊಳಕೆ ಬಂತು. ಬೆಳಕಿಗೆ ತಂದ ಮೇಲೆ ಅದು ಹಸಿರಾಗಲು ಇನ್ನಷ್ಟು ದಿನ ಹಿಡಿಯಿತು. ಆ ದಿನ ಮೇಡಂ ನನಗೂ ಅಕ್ಕನಿಗೂ ಒಟ್ಟಿಗೆ ತೋರಿಸಿದರು. ಅಕ್ಕ ಟ್ಯೂಬನ್ನು ನೋಡಿದರು, ನನ್ನ ಕಡೆ ನೋಡಲಿಲ್ಲ.

ನನಗೆ ಎಚ್ಚರಿಕೆಯ ಒಂದು ಮೆಮೊ ಬಂತು. ಅದರ ಜೊತೆಗೆ, ಎಲ್ಲರೂ ಇದ್ದಾಗ, ಮೇಡಂ ಅಕ್ಕನ ಕ್ಷಮೆ ಕೇಳಿದರು. ಅವರು ಕೇಳಿದ ಮೇಲೆ ನಾನೂ ಎಲ್ಲರ ಎದುರಿಗೆ ಕೇಳಿದೆ. ಗಾಜಿನ ಮಣಿಯ ಮಷೀನ್ ರಿಪೇರಿಯಾಗಿ ಬಂತು. ಈಗ ನಾನು ಅದರಲ್ಲೇ ಕೆಲಸ ಮಾಡುತ್ತೇನೆ. ಮನೆಯಲ್ಲಿ ಗ್ಯಾಸ್ ನಾನೇ ಹಚ್ಚುತ್ತೇನೆ, ಕೈ ಉದ್ದ ಚಾಚಿ, ಮುಖ ಆ ಕಡೆ ತಿರುಗಿಸಿಕೊಂಡು. ಗಂಡ ನಗುತ್ತಾನೆ. ನನಗೆ ನಗು ಬರುವುದಿಲ್ಲ.

ಅಕ್ಕ ಮೀಡಿಯಾ ಕೆಲಸ ಬಿಟ್ಟು, ತಾವೇ ಕೇಳಿಕೊಂಡು, ಹಿಂದಿನ ಗ್ರೀನ್‌ಹೌಸಿಗೆ ಹೋದರು. ಟ್ಯೂಬಿನಿಂದ ಹೊರಬಂದ ಸಸಿಗಳನ್ನು ಮಣ್ಣಿಗೆ, ಹೊರಗಿನ ಗಾಳಿಗೆ ಒಗ್ಗಿಸುವುದು ಅಲ್ಲಿಯ ಕೆಲಸ. ತೆಂಗಿನ ಎರಡು ಸಸಿಗಳೂ ಅವರ ಕೈಗೇ ಹೋದವು. ಒಂದು ಹದಿನೈದು ದಿನದಲ್ಲಿ ಬಾಡಿತು. ಇನ್ನೊಂದು ಇದೆ.

ಆ ಸಸಿಯನ್ನು ನೋಡಬೇಕೆಂದರೆ ನಾನು ಅವರ ಹತ್ತಿರ ಹೋಗಿ ಕೇಳಬೇಕು. ಮೊದಲ ಕೆಲವು ತಿಂಗಳು ಹೋಗಲು ಧೈರ್ಯ ಬರಲಿಲ್ಲ. ಒಂದು ದಿನ ಊಟದ ಹೊತ್ತಿನಲ್ಲಿ ಗ್ರೀನ್‌ಹೌಸಿನ ನೆರಳು ಬಲೆಯ ಬಾಗಿಲ ಹತ್ತಿರ ನಿಂತೆ. ಅಕ್ಕ ಬಗ್ಗಿ ಕುಂಡಗಳಿಗೆ ನೀರು ಚಿಮುಕಿಸುತ್ತಿದ್ದರು. ಗೆಣ್ಣುಗಳ ಬಿರುಕು ಮಾಗಿತ್ತು.

"ಬರ್ಲಾ ಅಕ್ಕ?"

ಅವರು ತಲೆ ಎತ್ತಿ ನನ್ನನ್ನು ನೋಡಿದರು.

"ಚಪ್ಪಲಿ ಬಿಟ್ಟು ಬಾ," ಅಂದರು.